ಹತ್ತೋದು ಬೇಡ, ಸುಮ್ನೆ ನಡೆಯೋಣ

ಶುಕ್ರವಾರ ರಾತ್ರಿ ಹತ್ತು ಗಂಟೆ ಹೊತ್ತಿಗೆ ನಮ್ಮ ಗೊರಗುಂಟೆಪಾಳ್ಯದ ಬಸ್‌ಸ್ಟಾಪಿಗೆ ಬಂದು ಸುಮ್ನೆ ನಿಂತ್ಕೊಳ್ಳಿ. ಮೆಟ್ರೋ ಸ್ಟೇಷನ್ನಿನ ಕೆಳಗೆ, ರಿಂಗ್ ರೋಡು ಬಂದು ತುಮಕೂರು ರಸ್ತೆಗೆ ಸೇರೋ ಜಾಗದಲ್ಲಿ, ಅರ್ಧ ಬೆಂಗಳೂರು ಬೆನ್ನಿಗೆ ಚೀಲ ಹಾಕ್ಕೊಂಡು ನಿಂತಿರತ್ತೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ, ಸಾಗರ... ಮೆಜೆಸ್ಟಿಕ್ಕಿಂದ ಹೊರಟ ಬಸ್ಸುಗಳೆಲ್ಲ ಇಲ್ಲಿ ಒಂದು ನಿಮಿಷ ನಿಂತು, ಕಂಡಕ್ಟರು ಪಟ್ಟಿ ನೋಡಿ ಹೆಸರು ಕೂಗಿ, ಹತ್ತಿಸಿಕೊಂಡು ಹೋಗುತ್ತವೆ. ಮಧ್ಯೆ ಮಧ್ಯೆ ಟೆಂಪೋ ಟ್ರಾವೆಲರ್‌ಗಳು. ಒಳಗೆ ಹಸಿರು-ನೀಲಿ ಲೈಟು, ಹಾಡು. ಹತ್ತೋರೆಲ್ಲ ನನ್ನ ಹಾಗೇ ಕಂಪ್ಯೂಟರ್ ಕುಟ್ಟೋ ಮಂದಿ ಅನ್ನೋದು ಮುಖ ನೋಡಿದ್ರೇ ಗೊತ್ತಾಗತ್ತೆ.

ಅವರೇ ಭಾನುವಾರ ರಾತ್ರಿ ಹನ್ನೊಂದೋ ಹನ್ನೆರಡಕ್ಕೋ ಅದೇ ಜಾಗದಲ್ಲಿ, ರಸ್ತೆಯ ಆ ಕಡೆ, ಕುಂಟುತ್ತಾ ಇಳಿಯುತ್ತಾರೆ. ನಾನೂ ಹಾಗೆ ಕುಂಟುತ್ತಾ ಇಳಿದೋನೇ ಬಿಡಿ. ಒಂದಲ್ಲ, ಏಳೆಂಟು ಸಲ.

ವಿಷಯ ಶುರುವಾಗಿದ್ದು ಆಫೀಸಲ್ಲಿ. ನಮ್ಮ ಟೀಮಿನವರು ನೇಪಾಳಕ್ಕೆ ಹೋಗೋಣ ಅಂತ ಹೊರಟಿದ್ದಾರೆ. ಪೂನ್ ಹಿಲ್ ಅಂತ ಒಂದು ಗುಡ್ಡ, 3,210 ಮೀಟರ್ ಎತ್ತರ. ನಾಲ್ಕು ದಿನದ ನಡಿಗೆ. ಪೋಖರಾದ ಹತ್ತಿರದಿಂದ ಶುರು ಮಾಡಿ, ಉಲ್ಲೇರಿ, ಘೋರೆಪಾನಿ, ಆಮೇಲೆ ಘಂಡ್ರುಕ್ ಮೇಲೆ ವಾಪಸ್ಸು. ಡೇರೆ ಹೊರಬೇಕಾಗಿಲ್ಲ, ಒಲೆ ಹೊರಬೇಕಾಗಿಲ್ಲ. ಮೂರು-ನಾಲ್ಕು ಗಂಟೆ ನಡೆದರೆ ಒಂದು ಊರು, ಊರಲ್ಲಿ ಒಂದು ಮನೆ, ಮನೆಯಲ್ಲಿ ದಾಲ್-ಭಾತು, ಕಂಬಳಿ. ಉಲ್ಲೇರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು ಇದೆ ಅನ್ನೋದು ಬಿಟ್ಟರೆ ಮೊದಲನೇ ಸಲದವರಿಗೂ ಸರಿ ಅಂತಾರೆ. ಲೆಕ್ಕ ಹಾಕೋ ಕೆಲಸ ನನ್ನ ತಲೆಗೆ ಬಂತು (ಎಕ್ಸೆಲ್ ಗೊತ್ತಿರೋ ಪಾಪಿ ನಾನೇ). ವಿಮಾನ, ಪರ್ಮಿಟ್ಟು, 2023ರ ಏಪ್ರಿಲಿಂದ ಕಡ್ಡಾಯ ಮಾಡಿರೋ ಗೈಡು, ಎಲ್ಲಾ ಕೂಡಿಸಿ ತಲೆಗೆ ಇಷ್ಟು ಅಂತ ಬರೆದು ಮನೆಗೆ ಬಂದೆ.

ಅಪ್ಪ ಊಟ ಮಾಡ್ತಾ ಸ್ಕ್ರೀನ್ ನೋಡಿದರು. "ನಾಲ್ಕು ದಿನ ಬರೀ ನಡೆಯೋದಾ? ಹಂಗಾದ್ರೆ ನಾನೂ ಬರ್ಬೋದಲ್ಲ" ಅಂದರು.

ಅಪ್ಪ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತೇ ಕೆಲಸ ಮಾಡಿದವರು. ಹೋದ ವರ್ಷ ರಿಟೈರಾದರು. ನಾನು ಎಂಜಿನಿಯರಿಂಗ್ ಓದಿದ್ದು ಆ ನಿಂತ ಕಾಲಿನ ಮೇಲೆ. ಬೆಟ್ಟ ಅಂತ ಅವರು ಹತ್ತಿರೋದು ಶಿವಗಂಗೆ ಒಂದೇ, ಅದೂ ಸಂಕ್ರಾಂತಿ ಟೈಮಲ್ಲಿ. ಈಗ ಎಡಗಾಲಿನ ಮಂಡಿ ನೋವು. ಸಮತಟ್ಟಾದ ಜಾಗದಲ್ಲಿ ಎಷ್ಟು ಹೊತ್ತು ಬೇಕಾದರೂ ನಡೀತಾರೆ, ದಿನಾ ಬೆಳಿಗ್ಗೆ ಯಶವಂತಪುರ ಮಾರ್ಕೆಟ್ಟಿಗೆ ನಡ್ಕೊಂಡೇ ಹೋಗಿ ತರಕಾರಿ ತರ್ತಾರೆ. ಇಳಿಜಾರು ಬಂದರೆ ಮಾತ್ರ ಕೈ ಹಿಡೀಬೇಕು. ಮೂರು ಸಾವಿರ ಮೆಟ್ಟಿಲು ಅವರಿಂದ ಆಗೋ ಮಾತಲ್ಲ.

"ಇಲ್ಲೇ ಎಲ್ಲಾದ್ರೂ ಹೋಗೋಣಪ್ಪಾ" ಅಂದೆ. ಅಂದ ಮೇಲೆ ಹುಡುಕೋಕೆ ಕೂತೆ. ಹುಡುಕಿದ ಮೇಲೇ ಗೊತ್ತಾಗಿದ್ದು, ಇಲ್ಲಿ ಅಂಥದ್ದು ಇಲ್ಲವೇ ಇಲ್ಲ!

ನೋಡಿ, ಮಲೆನಾಡು ಅಂದರೇನೇ ಬೆಟ್ಟಗಳ ನಾಡು. ಹೆಸರಲ್ಲೇ ಇದೆ. ಆದರೆ ನಾಲ್ಕು ದಿನ ನಿಧಾನಕ್ಕೆ, ದಿನಕ್ಕೆ ಹತ್ತು-ಹನ್ನೆರಡು ಕಿಲೋಮೀಟರು, ರಾತ್ರಿ ಯಾರದೋ ಮನೆಯಲ್ಲಿ ಉಂಡು ಮಲಗಿ, ಅರವತ್ತರ ಮನುಷ್ಯನೂ ನಡೆಯಬಹುದಾದ ಒಂದು ದಾರಿ ಅಂತ ಯಾರೂ ಗುರುತು ಮಾಡಿ ಇಟ್ಟಿಲ್ಲ. ಇರೋದೆಲ್ಲ ಶಿಖರ. ಮುಳ್ಳಯ್ಯನಗಿರಿ, ಕುದುರೆಮುಖ, ಕುಮಾರಪರ್ವತ, ತಡಿಯಂಡಮೋಳ್... ಹತ್ತು, ಫೋಟೋ ತೆಗಿ, ಇಳಿ. ಅಪ್ಪನಿಗೆ ಇದನ್ನ ವಿವರಿಸಿದೆ. "ಮೇಲೆ ಹೋಗಿ ಏನ್ ಮಾಡ್ತೀರ?" ಅಂದರು. ಫೋಟೋ ತೆಗೀತೀವಿ ಅಂದೆ. "ಅಷ್ಟಕ್ಕಾ?" ಅಂದು ಮಜ್ಜಿಗೆ ಬಡಿಸ್ಕೊಂಡರು.

ಉದಾಹರಣೆಗೆ ಕುಮಾರಪರ್ವತವನ್ನೇ ತಗೊಳ್ಳಿ. ಎತ್ತರ 1,712 ಮೀಟರ್. ಕುಕ್ಕೆಯ ಕಡೆಯಿಂದ ಹತ್ತಿದರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರು. ಹಿಂದೆ ಇದು ಎರಡು ದಿನದ ದಾರಿಯಾಗಿತ್ತು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ, ಅಲ್ಲೇ ಸುತ್ತಮುತ್ತ ನಿದ್ದೆ, ಮರುದಿನ ಬೆಳಿಗ್ಗೆ ಶಿಖರ. ಭಟ್ಟರ ಮನೆಯ ಅನ್ನ-ಸಾರಿನ ಬಗ್ಗೆ ಬರೆಯದ ಕನ್ನಡ ಬ್ಲಾಗೇ ಇಲ್ಲವೇನೋ :-) ಆಮೇಲೆ ಜನ ಜಾಸ್ತಿಯಾದರು. ಎಷ್ಟು ಜಾಸ್ತಿ ಅಂದರೆ 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ವಾರಾಂತ್ಯಕ್ಕೆ ಸಾವಿರಾರು ಮಂದಿ ಒಟ್ಟಿಗೇ ಬಂದು, ತಿರುಪತಿ ಕ್ಯೂ ಥರ ಕಾಡಿನ ದಾರಿಯಲ್ಲಿ ನಿಂತ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಸರ್ಕಾರ ಚಾರಣಾನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಅನ್ನೋ ವೆಬ್‌ಸೈಟು ಬಂತು, ಒಂದು ದಾರಿಗೆ ದಿನಕ್ಕೆ ಮುನ್ನೂರು ಜನ ಅನ್ನೋ ಮಿತಿ ಬಂತು.

ಮಿತಿ ಹಾಕಿದ್ದಕ್ಕೆ ಬೈಯೋರು ನನ್ನ ಗೆಳೆಯರಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾನು ಬೈಯಲ್ಲ. ಶೋಲಾ ಕಾಡು, ಹುಲ್ಲುಗಾವಲು ನಮ್ಮ ವೀಕೆಂಡಿಗೋಸ್ಕರ ಇರೋದಲ್ಲ. ರಾತ್ರಿ ಕಾಡೊಳಗೆ ಡೇರೆ ಹಾಕಬಾರದು ಅನ್ನೋದೂ ಸರಿಯೇ. ಬೆಂಕಿ ಹಚ್ಚಿ, ಬಾಟಲಿ ಒಡೆದು ಬರೋರನ್ನ ನಾನೇ ಕಣ್ಣಾರೆ ನೋಡಿದೀನಿ. ಆದರೆ ಇದರಿಂದ ಆಗಿರೋದೇನು? ಎರಡು ದಿನದ ನಡಿಗೆಯನ್ನ ಒಂದೇ ದಿನಕ್ಕೆ ಹಿಂಡಿದ್ದೀವಿ. ಬೆಳಿಗ್ಗೆ ಆರಕ್ಕೆ ಶುರು, ಸಂಜೆ ಆರರೊಳಗೆ ಕೆಳಗೆ. ಬಸ್ಸಲ್ಲಿ ನಿದ್ದೆ ಬಂದಿರಲ್ಲ, ತಿಂಡಿ ಸರಿಯಾಗಿ ಆಗಿರಲ್ಲ. ಗಡಿಯಾರ ನೋಡ್ಕೊಂಡು ಹತ್ತೋದು.

ಎರಡು ವರ್ಷದ ಹಿಂದೆ ಹೀಗೇ ಒಂದು ಬೆಟ್ಟಕ್ಕೆ ದುಡ್ಡು ಕಟ್ಟಿ ನಲವತ್ತು ಜನರ ಗುಂಪಲ್ಲಿ ಹೋಗಿದ್ದೆ (ಬೆಟ್ಟದ ಹೆಸರೂ ಬೇಡ, ಕರ್ಕೊಂಡು ಹೋದವರ ಹೆಸರೂ ಬೇಡ). ಮಧ್ಯಾಹ್ನ ಎರಡಕ್ಕೆ ನನ್ನ ರೂಮ್‌ಮೇಟ್ ಹುಲ್ಲಿನ ಮೇಲೆ ಕೂತವನು ಏಳಲಿಲ್ಲ. ಎರಡು ಸಲ ವಾಂತಿ, ತೊಡೆಯ ಸ್ನಾಯು ಗಂಟು. ಗೈಡ್ ಹುಡುಗ ಪಾಪ, ಅವನಿಗೆ ಉಳಿದ ಮೂವತ್ತೆಂಟು ಜನರನ್ನ ಹೊತ್ತಿಗೆ ಸರಿಯಾಗಿ ಇಳಿಸೋ ಚಿಂತೆ. "ನೀವಿಬ್ರೂ ನಿಧಾನಕ್ಕೆ ಬನ್ನಿ ಸಾರ್" ಅಂದು ಒಂದು ಓಆರ್‌ಎಸ್ ಪ್ಯಾಕೆಟ್ ಕೊಟ್ಟು ಹೋದ. ನಾವು ಕೆಳಗೆ ಮುಟ್ಟಿದಾಗ ರಾತ್ರಿ ಎಂಟೂಮುಕ್ಕಾಲು. ಟಾರ್ಚು ಒಂದೇ, ಅದೂ ಮೊಬೈಲಿಂದು, ಅದರಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜು. ಏನೂ ಆಗಲಿಲ್ಲ, ಆದ್ರಿಂದ ಈಗ ಕಥೆಯಾಗಿ ಹೇಳ್ತಿದೀನಿ. ಆವತ್ತು ದಾರೀಲಿ ಎಲ್ಲಾದರೂ ಒಂದು ಮನೆ ಇದ್ದು, ಇವತ್ತು ಇಲ್ಲೇ ಮಲಗಿ ನಾಳೆ ಇಳಿಯೋಣ ಅನ್ನೋ ಹಾಗಿದ್ದಿದ್ದರೆ? ಅವನು ಆಮೇಲೆ ಯಾವ ಬೆಟ್ಟಕ್ಕೂ ಬಂದಿಲ್ಲ.

ನಮ್ಮಲ್ಲಿ ನಿಧಾನದ ದಾರಿ ಇರಲೇ ಇಲ್ಲ ಅಂತಲ್ಲ. ಒಂದಿತ್ತು, ಅದೂ ಆಕಸ್ಮಿಕವಾಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯೋ ರೈಲು ದಾರಿ. 1979ರಲ್ಲಿ ಪೂರ್ತಿಯಾದ ಹಾಸನ-ಮಂಗಳೂರು ಮೀಟರ್‌ಗೇಜ್ ಹಳಿಯನ್ನ ಬ್ರಾಡ್‌ಗೇಜ್ ಮಾಡೋದಕ್ಕೆ ಅಂತ 1996ರಲ್ಲಿ ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಜನರ ಗಾಡಿ 2007ರ ಡಿಸೆಂಬರಿನಲ್ಲಿ. ಆ ಮಧ್ಯದ ಹತ್ತು ವರ್ಷ 57 ಸುರಂಗ, 109 ಸೇತುವೆಯ ಆ ದಾರಿ ಪ್ರಯಾಣಿಕರ ಗಾಡಿ ಇಲ್ಲದೆ ಬಿದ್ದಿತ್ತು. ನಮ್ಮ ಸೋದರಮಾವ 2002ರಲ್ಲಿ ಗೆಳೆಯರ ಜೊತೆ ನಡೆದಿದ್ದರಂತೆ, ಎಡಕುಮೇರಿ ಸ್ಟೇಷನ್ನಿನಲ್ಲಿ ರಾತ್ರಿ ಮಲಗಿ. ಈಗಲೂ ಮನೆಗೆ ಬಂದಾಗ ಅದನ್ನೇ ಹೇಳೋದು.

ಎಂಜಿನಿಯರಾಗಿ ಒಂದು ಮಾತು ಇಲ್ಲಿ. ರೈಲಿಗೆ ಕಡಿದಾದ ಏರು ಹತ್ತೋಕೆ ಆಗಲ್ಲ. ಅಲ್ಲಿನ ಇಳಿಜಾರು 50ಕ್ಕೆ 1. ಅಂದರೆ ಐವತ್ತು ಮೀಟರ್ ನಡೆದರೆ ಒಂದು ಮೀಟರ್ ಇಳೀತೀರಿ, ಮಂಡಿಗೆ ಗೊತ್ತೇ ಆಗಲ್ಲ. ಪಶ್ಚಿಮಘಟ್ಟವನ್ನ ಮೇಲಿಂದ ಕೆಳಗಿನವರೆಗೆ ಐವತ್ತೈದು ಕಿಲೋಮೀಟರಿನಲ್ಲಿ, ಅಪ್ಪನಂಥವರೂ ಇಳಿಯಬಹುದಾದ ದಾರಿ ಅದು. ಈಗ ರೈಲು ಓಡ್ತಿದೆ, ಹಳಿ ಮೇಲೆ ನಡೆಯೋದು ಅಪರಾಧ. ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯೋಕೂ ಜಾಗ ಸಾಲಲ್ಲ. ಇನ್ನೂ ಕೆಲವರು ಕದ್ದು ಹೋಗ್ತಾರೆ, ದಯವಿಟ್ಟು ಬೇಡ.

ಸರಿ, ಹಾಗಾದರೆ ಏನು ಮಾಡೋದು? ನನ್ನ ವಾದ ಇಷ್ಟೇ. ಕಾಡೊಳಗೆ ಹೋಗೋದು ಬಿಡೋಣ, ಊರೊಳಗೆ ಹೋಗೋಣ. ಅಭಯಾರಣ್ಯಕ್ಕೆ ಕೈ ಹಾಕದೆ, ಪಂಚಾಯ್ತಿ ರಸ್ತೆಗಳಲ್ಲಿ, ಅಡಿಕೆ ತೋಟ-ಗದ್ದೆಗಳ ಪಕ್ಕದಲ್ಲಿ, ಮನೆಯಿಂದ ಮನೆಗೆ. ಬಯಲುಸೀಮೆಯ ಊರಿನ ಹಾಗೆ ಮಲೆನಾಡಿನ ಊರು ಒಂದೇ ಕಡೆ ಗುಂಪಾಗಿರಲ್ಲ. ಇಲ್ಲೊಂದು ಮನೆ, ಒಂದು ಗುಡ್ಡ ದಾಟಿದರೆ ಇನ್ನೊಂದು. ನಡೆಯೋನಿಗೆ ಇದಕ್ಕಿಂತ ಅನುಕೂಲ ಏನು ಬೇಕು? ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರಿಗೆ ಗೊತ್ತು, ಅದರಲ್ಲಿ ಜನ ಮಾಡೋ ಮುಖ್ಯ ಕೆಲಸವೇ ನಡೆಯೋದು! ನಾಯಿಗುತ್ತಿ ಹುಲಿಯನನ್ನ ಕರ್ಕೊಂಡು ಒಂದು ಊರಿಂದ ಇನ್ನೊಂದಕ್ಕೆ ನಡೀತಾನೆ, ಐತ-ಪೀಂಚಲು ನಡೀತಾರೆ, ಮುಕುಂದಯ್ಯ ನಡೀತಾನೆ. ಯಾರೂ ಶಿಖರ ಹತ್ತಬೇಕು ಅಂತ ಹೊರಟವರಲ್ಲ.

ಹೀಗಂದುಕೊಂಡು ನಾನು ಮಾಡಿರೋ ಯೋಜನೆ ಕೇಳಿ. ರಾತ್ರಿ ಇಲ್ಲಿಂದಲೇ ಬಸ್ಸು, ಬೆಳಿಗ್ಗೆ ತೀರ್ಥಹಳ್ಳಿ. ಕೊಪ್ಪ ರಸ್ತೆಯ ಬಸ್ಸು ಹಿಡಿದು ಗಡಿಕಲ್ಲಲ್ಲಿ ಇಳಿದು ಕುಪ್ಪಳಿಗೆ ನಡೆಯೋದು. ಮೊದಲ ದಿನ ಅಷ್ಟೇ. ಕವಿಮನೆ ನೋಡಿ, ಸಂಜೆ ಕವಿಶೈಲದಲ್ಲಿ ಕೂರೋದು, ರಾತ್ರಿ ನಿದ್ದೆಗೆಟ್ಟಿದ್ದನ್ನ ತೀರಿಸೋದು. ಎರಡನೇ ದಿನ ಹಳ್ಳಿ ರಸ್ತೆಗಳಲ್ಲಿ ಪಶ್ಚಿಮಕ್ಕೆ, ಗುಡ್ಡೇಕೇರಿ ಕಡೆಗೆ. ಇದೇ ಉದ್ದದ ದಿನ. ಮೂರನೇ ದಿನ ಕುಂದಾದ್ರಿ. 826 ಮೀಟರ್ ಎತ್ತರ ಅಂದ ತಕ್ಷಣ ಹೆದರಬೇಡಿ, ಸುತ್ತಲಿನ ನೆಲವೇ ಆರುನೂರು ಮೀಟರಿಗೂ ಮೇಲಿದೆ, ಜೊತೆಗೆ ತುದಿಯವರೆಗೂ ಟಾರು ರಸ್ತೆ ಇದೆ. ಮೇಲೆ ಪಾರ್ಶ್ವನಾಥನ ಬಸದಿ, ಬಂಡೆಯ ಮೇಲೆ ಕೊಳ. ಅಪ್ಪನಿಗೆ ಬೇಡ ಅನ್ನಿಸಿದರೆ ಆಟೋ. ನಾಲ್ಕನೇ ದಿನ ಆಗುಂಬೆ. ಹೆದ್ದಾರಿಯಲ್ಲಿ ಗಾಡಿಗಳ ಮಧ್ಯೆ ನಡೆಯೋದು ಸುಖವಲ್ಲ, ಆದ್ದರಿಂದ ಆ ಭಾಗಕ್ಕೆ ಬಸ್ಸು. 'ಮಾಲ್ಗುಡಿ ಡೇಸ್'ನ ದೊಡ್ಡಮನೆ, ಸಂಜೆ ಸೂರ್ಯ ಮುಳುಗೋದು (ಮೋಡ ಬಿಟ್ಟರೆ), ಅಲ್ಲೇ ಒಂದು ರಾತ್ರಿ. ಮರುದಿನ ಶೃಂಗೇರಿ, ಅಮ್ಮನ ದರ್ಶನ, ಊಟ, ರಾತ್ರಿ ಬಸ್ಸು, ಬೆಳಗಿನ ಜಾವ ಗೊರಗುಂಟೆಪಾಳ್ಯ.

ಈ ಯೋಜನೆಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಬಸ್ಸು. ನಗಬೇಡಿ. ಬೆಟ್ಟದ ಮೇಲೆ ಸುಸ್ತಾದರೆ ಇಳಿಯಲೇಬೇಕು, ಬೇರೆ ದಾರಿ ಇಲ್ಲ. ಇಲ್ಲಿ ಮಂಡಿ ಕೈಕೊಟ್ಟರೆ ಡಾಂಬರು ರಸ್ತೆಗೆ ಬಂದು ಕೈ ಅಡ್ಡ ಹಾಕಿದರಾಯ್ತು. ಸಾಫ್ಟ್‌ವೇರಿನಲ್ಲಿ ರೋಲ್‌ಬ್ಯಾಕ್ ಅಂತೀವಲ್ಲ, ಅದು ಇರೋ ಪ್ಲಾನೇ ಸುಲಭದ ಪ್ಲಾನು.

ಯಾವ ತಿಂಗಳು ಅನ್ನೋದಕ್ಕೆ ತಲೆ ಕೆಡಿಸ್ಕೊಂಡಿದ್ದು ಸ್ವಲ್ಪ ಅಲ್ಲ. ಜೂನಿಂದ ಸೆಪ್ಟೆಂಬರು ಆಗೋದೇ ಇಲ್ಲ, ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ, ಮೇಲೆ ಉಂಬಳ. ಎಲ್ಲರೂ ಹೇಳೋದು ಡಿಸೆಂಬರ್-ಜನವರಿ. ಚಳಿ, ನೀಲಿ ಆಕಾಶ, ಚೆನ್ನಾಗಿರತ್ತೆ. ಆದರೆ ಮಂಗನ ಕಾಯಿಲೆ ಶುರುವಾಗೋದೂ ಆಗಲೇ. ಬೆಂಗಳೂರಿನ ಎಷ್ಟೋ ಟ್ರೆಕ್ಕಿಂಗ್ ಜಾಹೀರಾತು ನೋಡಿದೀನಿ, ಒಂದರಲ್ಲೂ ಇದರ ಸುದ್ದಿ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ರೋಗ. ಹರಡೋದು ಉಣುಗಿನಿಂದ. ಡಿಸೆಂಬರಿಂದ ಮೇವರೆಗೆ ಅದರ ಕಾಲ. 2019ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಎಷ್ಟು ಸಾವಾಯಿತು ಅಂತ ಆ ಕಡೆಯವರನ್ನ ಕೇಳಿ. ಅಲ್ಲಿನ ಜನ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಹಚ್ಕೊಂಡು ಸೊಪ್ಪಿಗೆ, ದರಗಿಗೆ ಹೋಗ್ತಾರೆ, ನಾವು ಬರ್ಮುಡಾ ಹಾಕ್ಕೊಂಡು ಹುಲ್ಲಲ್ಲಿ ಹೊರಳಾಡ್ತೀವಿ. ಹಾಗಾಗಿ ನಾನು ಆರಿಸಿದ್ದು ನವೆಂಬರ್ ಮೊದಲ ಭಾಗ. ಉಂಬಳ ಕಮ್ಮಿಯಾಗಿರತ್ತೆ, ಉಣುಗು ಏಳೋ ಮುಂಚೆ. ಉದ್ದ ಪ್ಯಾಂಟು, ಕಾಲುಚೀಲದೊಳಗೆ ಪ್ಯಾಂಟಿನ ತುದಿ, ದಾರಿ ಬಿಟ್ಟು ದರಗಿನ ಮೇಲೆ ಕೂರೋ ಹಾಗಿಲ್ಲ. ವಾಪಸ್ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದೆ ಅಂತ ಮೊದಲು ಹೇಳೋದು.

ಸಕಲೇಶಪುರ-ಆಲೂರು ಕಡೆ ಯಾಕೆ ಬೇಡ ಅಂದೆ ಅಂತ ಮಾವ ಕೇಳಿದರು. ಕಾಡಾನೆ. ಅಲ್ಲಿನ ತೋಟದ ಆಳುಗಳೇ ಆನೆ ಎಲ್ಲಿದೆ ಅನ್ನೋ ಮೆಸೇಜು ನೋಡಿ ಬೆಳಿಗ್ಗೆ ಮನೆಯಿಂದ ಹೊರಡೋ ಪರಿಸ್ಥಿತಿ. ಅಲ್ಲಿ ಮಜಾಕ್ಕೆ ಅಂತ ನಡೆಯೋದು ನನಗೆ ಸರಿ ಅನ್ನಿಸಲಿಲ್ಲ.

ಇಷ್ಟೆಲ್ಲ ಆದ ಮೇಲೆ ಖುಷಿಯಾಗಿ ಕೊಪ್ಪ ಕಡೆಯ ಗೆಳೆಯನೊಬ್ಬನಿಗೆ ತೋರಿಸಿದೆ. ಇಂಥ ದಾರಿಯನ್ನ ಗುರುತು ಮಾಡಿ, ಒಂದೊಂದು ಊರಲ್ಲಿ ಒಂದೆರಡು ಮನೆ ಗೊತ್ತು ಮಾಡಿದರೆ ಎಷ್ಟು ಚೆನ್ನ ಅಲ್ವಾ ಅಂತ ಭಾಷಣ ಬೇರೆ ಮಾಡಿದೆ. ಅವನು ಪೂರ್ತಿ ಕೇಳಿ ಅಂದ: "ನಿಂಗೆ ನಡೆಯೋಕೆ ದಾರಿ ಬೇಕು ಮಾರಾಯ, ನಮ್ಮನೆಗೆ ಆಂಬುಲೆನ್ಸ್ ಬರೋಕೆ ದಾರಿ ಬೇಕು."

ಅವನ ಮನೆ ಮುಂದಿನ ಹಳ್ಳಕ್ಕೆ ಇವತ್ತಿಗೂ ಇರೋದು ಕಾಲುಸಂಕ. ಅಡಿಕೆ ಮರದ ನಾಲ್ಕು ದಬ್ಬೆ. ಮಳೆಗಾಲದಲ್ಲಿ ಮಕ್ಕಳನ್ನ ಶಾಲೆಗೆ ಕಳಿಸಿ ಅಮ್ಮಂದಿರು ನೀರು ನೋಡ್ತಾ ನಿಲ್ಲೋ ಊರು. ಅದನ್ನೇ ನಾನು ಫೋಟೋ ತೆಗೆದು 'ಆಹಾ ಮಲೆನಾಡು' ಅಂತ ಹಾಕ್ತಿದ್ದೆ, ಖಂಡಿತಾ ಹಾಕ್ತಿದ್ದೆ. ಅವನ ಇನ್ನೊಂದು ಮಾತು: ಪಕ್ಕದ ಊರಿನ ಹೋಂಸ್ಟೇಯಲ್ಲಿ ಶನಿವಾರ ರಾತ್ರಿ ಎರಡರವರೆಗೆ ಡೊಳ್ಳು ಬಡಿದ ಹಾಗೆ ಪಾಟು, ಬೆಳಿಗ್ಗೆ ಅವರ ಗದ್ದೆ ಬದುವಿನಲ್ಲಿ ಬಾಟಲಿ. "ನೀವು ಬೆಟ್ಟದಲ್ಲಿ ಮಾಡಿದ್ದನ್ನೇ ಊರಲ್ಲೂ ಮಾಡ್ತೀರ" ಅಂದ.

ಎರಡು ದಿನ ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಈಗಲೂ ಅರ್ಧ ಉತ್ತರವಷ್ಟೇ ಇರೋದು. ನೇಪಾಳದವರು ಅನ್ನಪೂರ್ಣ ಸಂರಕ್ಷಣಾ ಪ್ರದೇಶ ಅಂತ 1986ರಲ್ಲಿ ಶುರು ಮಾಡಿದಾಗ ಊರವರನ್ನ ಹೊರಗೆ ಹಾಕಲಿಲ್ಲ. ಊರು ಅಲ್ಲೇ, ಗದ್ದೆ ಅಲ್ಲೇ, ಲಾಡ್ಜು ಊರವರದೇ. ಬರೋರ ಹತ್ತಿರ ತಗೊಳ್ಳೋ ಪ್ರವೇಶ ಶುಲ್ಕ ಆ ಪ್ರದೇಶದ ಕೆಲಸಕ್ಕೆ. ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ, ಆ ಹಳೇ ನಡಿಗೆ ದಾರಿಗಳ ಮೇಲೇ ಜೀಪ್ ರಸ್ತೆ ಬಂದು ಲಾಡ್ಜಿನವರು ಗೋಳಾಡ್ತಿದ್ದಾರೆ. ಅಂದ್ರೆ ಅವರಿಗೂ ಆಂಬುಲೆನ್ಸ್ ಬೇಕಲ್ಲ! ಆದರೆ ಬಂದ ದುಡ್ಡು ಊರಲ್ಲಿ ಉಳಿಯೋ ಏರ್ಪಾಡು ಮೊದಲು, ದಾರಿ ಆಮೇಲೆ, ಅದನ್ನ ಅವರು ಮಾಡಿದರು. ನಮ್ಮಲ್ಲಿ ನಾನು ಕಟ್ಟಿದ ಟ್ರೆಕ್ಕಿನ ದುಡ್ಡಲ್ಲಿ ಬಹುಪಾಲು ಬೆಂಗಳೂರಲ್ಲೇ ಉಳಿಯತ್ತೆ. ಬೆಟ್ಟದ ಬುಡದ ಊರಿಗೆ ಸಿಗೋದು ಒಂದು ಹೊತ್ತಿನ ಉಪ್ಪಿಟ್ಟಿನ ಕಾಸು ಮತ್ತು ಪ್ಲಾಸ್ಟಿಕ್ಕು.

ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಒಣಗ್ತಿರೋ ಕಾಲದಲ್ಲಿ, ತಿಂಗಳಿಗೆ ನಾಲ್ಕು ಜನ ಬಂದು ಉಂಡು ಮಲಗಿ ದುಡ್ಡು ಕೊಟ್ಟು ಹೋದರೆ ಒಂದು ಮನೆಗೆ ಅಷ್ಟರ ಮಟ್ಟಿಗಾದರೂ ಅನುಕೂಲ. ನಾಲ್ಕು ಜನ, ನಲವತ್ತಲ್ಲ. ಅದಕ್ಕೇ ಇದನ್ನ ಯಾವ ಕಂಪನಿಯೂ ಮಾಡಲ್ಲ ಅನ್ಸತ್ತೆ, ಲಾಭ ಇಲ್ಲ. ಪಂಚಾಯ್ತಿ ಮಾಡಬಹುದು. ಅಥವಾ ನಮ್ಮಂಥೋರು ಒಬ್ಬರಿಗೊಬ್ಬರು ಹೇಳ್ಕೊಂಡು, ಬಾಯಿಂದ ಬಾಯಿಗೆ. ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. "ಸರಿ, ಕೊನೆಕೊಯ್ಲು ಶುರುವಾಗೋ ಮುಂಚೆ ಬಾ, ಆಮೇಲೆ ನಮ್ಮಮ್ಮಂಗೆ ಪುರಸೊತ್ತಿರಲ್ಲ. ಮತ್ತೆ ನಮ್ಮನೆ ನಾಯಿ ಕಚ್ಚತ್ತೆ" ಅಂದ. ಒಪ್ಪಿದ ಅಂತಲೇ ಅರ್ಥ ಮಾಡ್ಕೊಂಡಿದೀನಿ.

ಆಫೀಸಿನವರು ನೇಪಾಳಕ್ಕೆ ಹೋಗ್ತಾರೆ, ಹೋಗಲಿ, ಎಕ್ಸೆಲ್ ಕೊಟ್ಟಿದೀನಿ. ನಾನು, ಅಪ್ಪ ನವೆಂಬರಿನಲ್ಲಿ ತೀರ್ಥಹಳ್ಳಿಗೆ. ಅಪ್ಪ ಈಗಲೇ ಹೊಸ ಶೂ ಹಾಕ್ಕೊಂಡು ಯಶವಂತಪುರ ಮಾರ್ಕೆಟ್ಟಿಗೆ ಹೋಗೋಕೆ ಶುರು ಮಾಡಿದ್ದಾರೆ, ಕಾಲಿಗೆ ಒಗ್ಗಲಿ ಅಂತ. ತರಕಾರಿಯವನು ನಕ್ಕನಂತೆ.

ಕುಪ್ಪಳಿಯಲ್ಲಿ ಉಳಿಯೋದು, ಆಗುಂಬೆಯಲ್ಲಿ ಉಳಿಯೋದು ಗೊತ್ತಾಗಿದೆ. ಎರಡನೇ ರಾತ್ರಿಗೆ ಗುಡ್ಡೇಕೇರಿ ಆಸುಪಾಸಿನಲ್ಲಿ ಒಂದು ಮನೆ ಬೇಕು. ಬಿಸಿನೀರು, ಅನ್ನ-ಸಾರು, ಮಲಗೋಕೆ ಜಗಲಿ ಆದರೂ ನಡೆಯತ್ತೆ, ದುಡ್ಡು ಕೊಡ್ತೀವಿ, ಹಾಡು ಹಾಕಲ್ಲ. ಆ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಸಾಲು ಬರೆದು ತಿಳಿಸ್ತೀರಾ? ಮತ್ತೆ ಅಲ್ಲಿಂದ ಕುಂದಾದ್ರಿಗೆ ಹೋಗೋ ದಾರೀಲಿ ಎಷ್ಟು ಮನೆ ನಾಯಿ ಕಚ್ಚತ್ತೆ ಅನ್ನೋದನ್ನೂ :-)